ಬುಕ್ಕರಾಯನ ಎರಡು ಒಪ್ಪಂದ

ಹಕ್ಕ-ಬುಕ್ಕ ಅಂದ್ರೆ ಎಲ್ಲರಿಗೂ ಗೊತ್ತು. ಸ್ಕೂಲಿನ ಪಾಠದಲ್ಲಿ ಓದಿರ್ತೀವಿ. ಇಬ್ಬರು ಅಣ್ಣತಮ್ಮಂದಿರು, ಒಂದು ಮೊಲ, ಅದನ್ನು ಅಟ್ಟಿಸಿಕೊಂಡು ಹೋದ ನಾಯಿಗಳು, ಮೊಲವೇ ತಿರುಗಿ ನಾಯಿಗಳ ಮೇಲೆ ಬಿದ್ದದ್ದು, ವಿದ್ಯಾರಣ್ಯರು, 1336, ಹಂಪಿ. ಅಷ್ಟೇ. ಮುಂದಿನ ಪುಟದಲ್ಲಿ ಪಾಠ ನೇರವಾಗಿ ಕೃಷ್ಣದೇವರಾಯನಿಗೆ ಹಾರಿಬಿಡುತ್ತೆ. ಮಧ್ಯದಲ್ಲಿ ಬುಕ್ಕ ಒಬ್ಬನೇ ಸುಮಾರು ಇಪ್ಪತ್ತು ವರ್ಷ ರಾಜ್ಯ ಆಳಿದ ಅನ್ನೋದು ಯಾರಿಗೂ ನೆನಪಿರಲ್ಲ. ಅಣ್ಣನ ಹೆಸರಿನ ಹಿಂದೆ ಪ್ರಾಸಕ್ಕೆ ಸೇರಿಸಿದ ಹಾಗೆ ಉಳಿದುಬಿಟ್ಟಿದ್ದಾನೆ.

ಆದರೆ ಅವನು ಮಾಡಿದ ಒಂದು ದೊಡ್ಡ ಕೆಲಸದ ದಾಖಲೆ ಹಂಪಿಯಲ್ಲಿ ಇಲ್ಲ, ನಮ್ಮ ಜಿಲ್ಲೆಯಲ್ಲೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ. ಹಾಸನದಿಂದ ಸುಮಾರು 50 ಕಿಲೋಮೀಟರ್. ಅಲ್ಲಿಗೆ ಹೋದವರೆಲ್ಲ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ, ಫೋಟೋ ತೆಗೆದುಕೊಂಡು, ಇಳಿದು ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಕೆಳಗೆ ಊರಿನಲ್ಲಿ ಭಂಡಾರಿ ಬಸದಿ ಅಂತ ಇದೆ. ಹೊಯ್ಸಳ ಒಂದನೇ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ್ದು. ಬುಕ್ಕರಾಯನ 1368ರ ಕಲ್ಲು ಇರೋದು ಅಲ್ಲಿ.

ಈ ಕಲ್ಲಿನ ಬಗ್ಗೆ ಬರೆಯೋಕೆ ಒಂದು ಕಾರಣ ಇದೆ. ನಮಗೆಲ್ಲ ಸಂವಿಧಾನದ ಪೇಪರ್ ಇದೆ ಅಲ್ವಾ, ಅದರಲ್ಲಿ ಮೂಲಭೂತ ಹಕ್ಕುಗಳು ಬರುತ್ತವೆ, ಪಕ್ಕದಲ್ಲೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಬರುತ್ತೆ. ಹಕ್ಕುಗಳು ಹುಟ್ಟಿನಿಂದಲೇ ಬರುತ್ತವೆ ಅಂತ ಬರೆದರೆ ಮಾರ್ಕ್ಸು ಸಿಗುತ್ತೆ. ಆದರೆ ಯಾಕೆ ಬರುತ್ತವೆ? ಒಬ್ಬ ರಾಜ, ಅಥವಾ ಒಂದು ದೇಶ, ತನಗಿಂತ ಬೇರೆ ದೇವರನ್ನು ನಂಬುವ ಇನ್ನೊಂದು ದೇಶದ ಜೊತೆ, ನಿನ್ನ ಜನರನ್ನು ನಾನು ಮುಟ್ಟಲ್ಲ ಅಂತ ಯಾಕೆ ಒಪ್ಪಬೇಕು? ಮ್ಯಾಥ್ಸಿನಲ್ಲಿ ಫಾರ್ಮುಲಾ ಕೊಟ್ಟರೆ ಡೆರಿವೇಶನ್ನೂ ಕೊಡ್ತಾರೆ. ಇದಕ್ಕೆ ಮಾತ್ರ ನೋಟ್ಸಿನಲ್ಲಿ ಡೆರಿವೇಶನ್ ಇಲ್ಲ. ಬುಕ್ಕರಾಯನ ಜೀವನದಲ್ಲಿ ಈ ಪ್ರಶ್ನೆ ಎರಡು ಸಲ ಎದುರಾಯ್ತು. ಎರಡೂ ಹೆಚ್ಚುಕಡಿಮೆ ಎರಡೇ ವರ್ಷದ ಒಳಗೆ. ಒಂದು ಸಲ ಯುದ್ಧದ ಡೇರೆಯಲ್ಲಿ, ಇನ್ನೊಂದು ಸಲ ತನ್ನದೇ ಪ್ರಜೆಗಳ ಜಗಳದಲ್ಲಿ.

ಮೊದಲು ಅವನು ಯಾರು ಅಂತ ನೋಡೋಣ. ಸಂಗಮ ಅನ್ನೋನಿಗೆ ಐದು ಗಂಡುಮಕ್ಕಳು: ಹರಿಹರ, ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ. ಇವರ ಹಿಂದಿನ ಕಥೆ ಬಗ್ಗೆ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ವಾರಂಗಲ್‌ನಿಂದ ಬಂದವರು ಅಂತ ಕೆಲವರು, ಕಂಪಿಲಿಯಲ್ಲಿ ಇದ್ದವರು ಅಂತ ಕೆಲವರು, ದಿಲ್ಲಿಗೆ ಸೆರೆ ಹೋಗಿ ವಾಪಸ್ ಬಂದವರು ಅಂತ ಇನ್ನು ಕೆಲವರು, ಇಲ್ಲ ಇವರು ಇಲ್ಲಿಯವರೇ, ಹೊಯ್ಸಳರ ಕೈಕೆಳಗೆ ಇದ್ದವರು ಅಂತ ಮತ್ತೊಂದು ಗುಂಪು. ಅದನ್ನು ಅಲ್ಲಿಗೇ ಬಿಡೋಣ. ಗಟ್ಟಿಯಾಗಿ ಗೊತ್ತಿರೋದು ಏನಂದ್ರೆ, ಇವರು ಬೆಳೆದ ಕಾಲದಲ್ಲಿ ದಕ್ಷಿಣದ ಹಳೇ ರಾಜ್ಯಗಳೆಲ್ಲ ಒಂದರ ಹಿಂದೆ ಒಂದು ಬೀಳ್ತಾ ಇದ್ವು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ನಾವು ದಿನಾ ಬಸ್ಸಲ್ಲಿ ಓಡಾಡುವ ಈ ಸೀಮೆ ಆಗ ಹೊಯ್ಸಳರ ಮನೆಯಂಗಳ ಇದ್ದ ಹಾಗೆ. 1311ರಲ್ಲಿ ಮಲಿಕ್ ಕಾಫರ್ ದಂಡು ದೋರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ ಬಂತು. ಆಮೇಲೆ ತುಘಲಕ್ ದಂಡು ಬಂತು. ಕೊನೆಯ ದೊಡ್ಡ ಹೊಯ್ಸಳ ರಾಜ ಮೂರನೇ ಬಲ್ಲಾಳ ತೀರಾ ವಯಸ್ಸಾದ ಮೇಲೂ ಮಧುರೆ ಸುಲ್ತಾನನ ಮೇಲೆ ಯುದ್ಧಕ್ಕೆ ಹೋಗಿ 1342-43ರ ಹೊತ್ತಿಗೆ ಅಲ್ಲೇ ಸತ್ತ. ಒಂದೆರಡು ವರ್ಷದಲ್ಲಿ ಈ ನಾಡೆಲ್ಲ ಸಂಗಮನ ಮಕ್ಕಳ ಕೈಗೆ ಬಂತು. 1346ರಲ್ಲಿ ಅಣ್ಣತಮ್ಮಂದಿರು ಶೃಂಗೇರಿಗೆ ಹೋಗಿ ಮಠಕ್ಕೆ ದಾನ ಕೊಟ್ಟರು. ಹತ್ತು ವರ್ಷ ಆದಮೇಲೆ, 1356ರ ಸುಮಾರಿಗೆ, ಹರಿಹರ ತೀರಿಕೊಂಡ. ಬುಕ್ಕ ರಾಯನಾದ.

ಅವನ ಬಿರುದುಗಳಲ್ಲಿ ಒಂದು ನನಗೆ ತುಂಬಾ ಹಿಡಿಸಿತು: ಭಾಷೆಗೆ ತಪ್ಪುವ ರಾಯರ ಗಂಡ. ಇಲ್ಲಿ ಭಾಷೆ ಅಂದ್ರೆ ಕನ್ನಡ, ತಮಿಳು ಅಲ್ಲ. ಕೊಟ್ಟ ಮಾತು. ಮಾತು ಕೊಟ್ಟು ತಪ್ಪುವ ರಾಜರಿಗೆ ಗಂಡ, ಅಂದರೆ ಅವರನ್ನು ಮಟ್ಟ ಹಾಕುವವನು. ಬಿರುದುಗಳನ್ನೆಲ್ಲ ಸೀರಿಯಸ್ಸಾಗಿ ತಗೋಬಾರದು, ಸರಿ. ಆಗಿನ ರಾಜರೆಲ್ಲ ಹೆಸರಿನ ಮುಂದೆ ಒಂದು ಪುಟ ಬಿರುದು ಹಾಕಿಕೊಳ್ಳೋರು. ಆದರೂ ರಾಜರ ನಡುವೆ ಮಾತು ಅನ್ನೋದು ಒಂದಿದೆ, ಅದಕ್ಕೆ ತಪ್ಪೋದು ಒಂದು ಅಪರಾಧ ಅನ್ನೋ ಕಲ್ಪನೆ ಇದ್ದರೆ ತಾನೆ ಇಂಥ ಬಿರುದು ಹುಟ್ಟೋದು? ಈಗ ನಾವು ಅಂತರರಾಷ್ಟ್ರೀಯ ಕಾನೂನು ಅಂತ ಕರೆಯೋದರ ಬುಡದಲ್ಲಿ ಇರೋದೂ ಇದೇ, ಕೊಟ್ಟ ಮಾತು ಉಳಿಸಿಕೋಬೇಕು ಅನ್ನೋದು.

ಈಗ ಯುದ್ಧದ ಕಥೆ. ಇದನ್ನು ಬರೆದವನು ಫೆರಿಷ್ತಾ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಷಾನ ಆಸ್ಥಾನದಲ್ಲಿ ಕೂತು, ಘಟನೆ ನಡೆದು ಇನ್ನೂರು ವರ್ಷಕ್ಕಿಂತ ಹೆಚ್ಚಾದ ಮೇಲೆ ಪರ್ಷಿಯನ್‌ನಲ್ಲಿ ಬರೆದ. ಅವನು ಸುಲ್ತಾನರ ಕಡೆಯವನು, ವಿಜಯನಗರದ ರಾಯನ ಹೆಸರನ್ನೂ ಕಿಶನ್ ರಾಯ್ ಅಂತ ತಪ್ಪಾಗಿ ಬರೀತಾನೆ. ಕಾಲ ನೋಡಿದರೆ ಅದು ಬುಕ್ಕನೇ ಅಂತ ಇತಿಹಾಸಕಾರರು ಹೇಳ್ತಾರೆ. ಸತ್ತವರ ಲೆಕ್ಕವನ್ನು ಅವನು ಲಕ್ಷಗಳಲ್ಲಿ ಕೊಡ್ತಾನೆ, ಅದನ್ನು ಯಾರೂ ನಂಬಲ್ಲ. ಹೀಗಾಗಿ ಫೆರಿಷ್ತಾನನ್ನು ಓದುವಾಗ ಉಪ್ಪು ಹುಳಿ ಕಳೆದು ಓದಬೇಕು.

ಕೃಷ್ಣಾ ತುಂಗಭದ್ರಾ ನಡುವಿನ ರಾಯಚೂರು ದೋಆಬ್ ಮೇಲೆ ಬಹಮನಿಯವರಿಗೂ ವಿಜಯನಗರಕ್ಕೂ ಮೊದಲಿಂದ ತಕರಾರು. ಆಗ ಗುಲ್ಬರ್ಗದಲ್ಲಿ ಇದ್ದವನು ಒಂದನೇ ಮಹಮ್ಮದ್ ಷಾ. ಒಂದು ದಿನ ಅವನ ಆಸ್ಥಾನದಲ್ಲಿ ಔತಣ, ದಿಲ್ಲಿಯಿಂದ ಬಂದ ಮುನ್ನೂರು ಜನ ಹಾಡುಗಾರರು. ಅಮೀರ್ ಖುಸ್ರೋ ಪದ್ಯಗಳನ್ನು ಹಾಡಿದರಂತೆ. ಸುಲ್ತಾನನಿಗೆ ಕುಡಿದು ಖುಷಿ ಏರಿ, ಇವರಿಗೆ ಕೊಡಬೇಕಾದ ಇನಾಮನ್ನು ವಿಜಯನಗರದ ರಾಯನ ಖಜಾನೆಯಿಂದ ಕೊಡಿಸಿ ಅಂತ ಚೀಟಿ ಬರೆಸಿದ. ಮಂತ್ರಿ ಸೈಫುದ್ದೀನ್ ಘೋರಿ ಇದು ಕುಡಿದ ಮಾತು ಅಂದುಕೊಂಡು ಕಳಿಸಲೇ ಇಲ್ಲ. ಮಾರನೇ ದಿನ ಅಮಲು ಇಳಿದ ಮೇಲೆ ಸುಲ್ತಾನ, ಚೀಟಿ ಹೋಯ್ತಾ ಅಂತ ಕೇಳಿದ! ತನ್ನ ಮಾತು ಕುಡುಕನ ಮಾತು ಅನ್ನಿಸಿಕೊಳ್ಳೋದು ಅವನಿಗೆ ಇಷ್ಟ ಇರಲಿಲ್ಲ. ಚೀಟಿ ಹೊರಟಿತು.

ಬುಕ್ಕ ಏನು ಮಾಡಿದ? ತಂದವನನ್ನು ಕತ್ತೆ ಮೇಲೆ ಕೂರಿಸಿ ಊರೆಲ್ಲ ಮೆರವಣಿಗೆ ಮಾಡಿಸಿ ಓಡಿಸಿದ. ಅಲ್ಲಿಗೇ ನಿಲ್ಲಲಿಲ್ಲ. ದಂಡು ಕಟ್ಟಿಕೊಂಡು ಹೋಗಿ ಮುದಗಲ್ ಕೋಟೆ ಹಿಡಿದ. ಕೋಟೆಯಲ್ಲಿದ್ದವರನ್ನು ಹೆಂಗಸರು ಮಕ್ಕಳು ಅಂತ ನೋಡದೆ ಕೊಲ್ಲಲಾಯಿತು, ಒಬ್ಬ ಮಾತ್ರ ತಪ್ಪಿಸಿಕೊಂಡು ಸುಲ್ತಾನನ ಹತ್ತಿರ ಓಡಿಹೋದ ಅಂತ ಫೆರಿಷ್ತಾ ಹೇಳ್ತಾನೆ. ಇದನ್ನು ನಾವು ಮುಚ್ಚಿಡಬಾರದು. ನಮ್ಮ ಕಡೆಯ ರಾಜ ಅಂತ ಅವನನ್ನು ಬುದ್ಧ ಮಾಡೋ ಅಗತ್ಯ ಇಲ್ಲ. ಹಾಡುಗಾರರ ಚೀಟಿಗೂ ಮುದಗಲ್ಲಿನ ಮಕ್ಕಳಿಗೂ ಏನು ಸಂಬಂಧ?

ಸುಲ್ತಾನ ಒಂದು ಲಕ್ಷ ಜನರನ್ನು ಕೊಲ್ಲುವ ತನಕ ಕತ್ತಿ ಒರೆಗೆ ಹಾಕಲ್ಲ ಅಂತ ಆಣೆ ಇಟ್ಟ. 1366-67ರ ಆಸುಪಾಸಿನಲ್ಲಿ ದೊಡ್ಡ ಯುದ್ಧ ಆಯ್ತು. ಬುಕ್ಕನ ದಂಡು ಸೋತಿತು. ಸುಲ್ತಾನನ ಸೈನ್ಯ ತುಂಗಭದ್ರೆ ದಾಟಿ ವಿಜಯನಗರದ ಬಾಗಿಲ ತನಕ ಬಂದು, ಸುತ್ತಲಿನ ಹಳ್ಳಿಗಳಲ್ಲಿ ಸಿಕ್ಕಿದವರನ್ನೆಲ್ಲ ಕೊಂದಿತು. ಕತ್ತಿ ಹಿಡಿಯದವರು, ಹೊಲದಲ್ಲಿದ್ದವರು, ಎಲ್ಲ. ಬುಕ್ಕನ ಕಡೆಯವರೇ ಅವನ ಮೇಲೆ ಒತ್ತಡ ಹಾಕಿ ಸಂಧಿಗೆ ಒಪ್ಪಿಸಿದರು. ರಾಯಭಾರಿಗಳು ಸುಲ್ತಾನನ ಡೇರೆಗೆ ಹೋದರು. ಮೊದಲ ಷರತ್ತು ಅದೇ ಹಳೇ ಚೀಟಿ. ಹಾಡುಗಾರರ ದುಡ್ಡು ಕೊಡಬೇಕು. ಕೊಟ್ಟರು. ಸುಲ್ತಾನನ ಮುಖದಲ್ಲಿ ನಗು ಬಂತು.

ಮುಂದೆ ನಡೆದದ್ದು ನನ್ನ ಪ್ರಕಾರ ಈ ಇಡೀ ಕಥೆಯ ಮುಖ್ಯ ಭಾಗ. ಸುಲ್ತಾನ ಸಮಾಧಾನದಲ್ಲಿ ಇರೋದು ನೋಡಿ ರಾಯಭಾರಿಗಳು ಒಂದು ಮಾತು ತೆಗೆದರು. ತಪ್ಪು ಮಾಡಿದವನಿಗೆ ಬದಲು ತಪ್ಪು ಮಾಡದವನನ್ನು ಶಿಕ್ಷಿಸು ಅಂತ ಯಾವ ಧರ್ಮವೂ ಹೇಳಲ್ಲ, ಅದರಲ್ಲೂ ಹೆಂಗಸರು ಮಕ್ಕಳನ್ನು. ರಾಯ ತಪ್ಪು ಮಾಡಿದ್ದರೆ ಆ ಬಡವರು ಅದರಲ್ಲಿ ಏನು ಪಾಲು ತಗೊಂಡಿದ್ದರು ಅನ್ನೋ ಅರ್ಥದಲ್ಲಿ ಕೇಳಿದರು. ನೋಡಿ, ಇದು ಪಕ್ಕಾ ಫಿಲಾಸಫಿ. ವಿಜಯನಗರದ ಧರ್ಮ ಹೀಗೆ ಹೇಳುತ್ತೆ ಅಂತ ಅವರು ವಾದ ಮಾಡಲಿಲ್ಲ, ಸುಲ್ತಾನನ ಧರ್ಮವನ್ನೂ ಸೇರಿಸಿ ಯಾವ ಧರ್ಮದಲ್ಲೂ ಇಲ್ಲ ಅಂದರು. ಎಲ್ಲ ಮನುಷ್ಯರಿಗೂ ಹೊಂದುವ ಒಂದು ನ್ಯಾಯ ಇದೆ, ಅದು ನಿನಗೂ ಗೊತ್ತು, ನನಗೂ ಗೊತ್ತು ಅನ್ನೋ ವಾದ.

ಈ ವಾದ ಸೋತುಹೋಯ್ತು. ಆದದ್ದೆಲ್ಲ ದೈವದ ಇಚ್ಛೆ, ಅದನ್ನು ಬದಲಾಯಿಸೋಕೆ ನನ್ನ ಕೈಲಿ ಏನಿದೆ ಅನ್ನೋ ಥರ ಹೇಳಿ ಸುಲ್ತಾನ ಕೈ ತೊಳೆದುಕೊಂಡ.

ಆಗ ರಾಯಭಾರಿಗಳು ದಾರಿ ಬದಲಾಯಿಸಿದರು. ಸರಿ, ದೇವರು ನಿಮಗೆ ದಖ್ಖನ್ ಕೊಟ್ಟಿದ್ದಾನೆ. ನಿಮ್ಮ ಮಕ್ಕಳು ಮೊಮ್ಮಕ್ಕಳು, ಕರ್ನಾಟಕದ ರಾಯರ ಮಕ್ಕಳು ಮೊಮ್ಮಕ್ಕಳು ಇನ್ನೂ ಬಹಳ ಕಾಲ ಅಕ್ಕಪಕ್ಕದಲ್ಲೇ ಬದುಕಬೇಕು. ಇವತ್ತು ಗೆದ್ದವರು ನಾಳೆ ಸೋಲಬಹುದು. ಹಾಗಿರುವಾಗ ಆಯುಧ ಇಲ್ಲದವರನ್ನು ಕೊಲ್ಲಬಾರದು ಅಂತ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರೆ ಇಬ್ಬರಿಗೂ ಒಳ್ಳೇದಲ್ಲವಾ ಅನ್ನೋ ಧಾಟಿಯ ವಾದ. ಇದು ಸುಲ್ತಾನನಿಗೆ ಹಿಡಿಸಿತು. ಇನ್ನು ಮುಂದೆ ಗೆದ್ದ ಮೇಲೆ ಒಬ್ಬ ಶತ್ರುವನ್ನೂ ಕೊಲ್ಲಲ್ಲ, ನನ್ನ ನಂತರ ಬರುವವರಿಗೂ ಇದನ್ನೇ ಕಟ್ಟುಮಾಡ್ತೀನಿ ಅಂತ ಆಣೆ ಇಟ್ಟ. ಅಲ್ಲಿಂದ ಯುದ್ಧದಲ್ಲಿ ಸೆರೆ ಸಿಕ್ಕವರನ್ನು, ನಿರಾಯುಧ ಪ್ರಜೆಗಳನ್ನು ಕೊಲ್ಲದೇ ಇರೋದು ದಖ್ಖನ್‌ನಲ್ಲಿ ವಾಡಿಕೆ ಆಯ್ತು ಅಂತ ಫೆರಿಷ್ತಾ ಬರೀತಾನೆ. ಹೆನ್ರಿ ಡ್ಯುನಾಂಟ್ ಸೋಲ್ಫೆರಿನೋ ಯುದ್ಧಭೂಮಿ ನೋಡಿ ಸಂಕಟಪಟ್ಟದ್ದು 1859ರಲ್ಲಿ, ಮೊದಲ ಜಿನೀವಾ ಒಪ್ಪಂದ ಆದದ್ದು 1864ರಲ್ಲಿ. ಲೆಕ್ಕ ನೀವೇ ಹಾಕಿ.

ನಾವೇ ಮೊದಲು ಅಂತ ಕಾಲರ್ ಎತ್ತೋಕೆ ಇದನ್ನು ಹೇಳ್ತಾ ಇಲ್ಲ. ನನಗೆ ಕುತೂಹಲ ಆಗಿದ್ದು, ಒಂದೇ ಡೇರೆಯಲ್ಲಿ, ಒಂದೇ ದಿನ, ಎರಡು ಬೇರೆ ಬೇರೆ ಸಮರ್ಥನೆಗಳು ಟೆಸ್ಟ್ ಆದದ್ದು. ತಪ್ಪಿಲ್ಲದ ಮನುಷ್ಯನನ್ನು ಕೊಲ್ಲಬಾರದು, ಯಾಕಂದ್ರೆ ಅವನು ತಪ್ಪು ಮಾಡಿಲ್ಲ, ಇದು ಮೊದಲನೇದು. ನೀನು ನನ್ನವರನ್ನು ಬಿಟ್ಟರೆ ನಾನು ನಿನ್ನವರನ್ನು ಬಿಡ್ತೀನಿ, ಇದು ಎರಡನೇದು. ಸಹಿ ತಂದುಕೊಟ್ಟದ್ದು ಎರಡನೇದು.

ಆದರೆ ಎರಡನೇದರಲ್ಲಿ ಒಂದು ದೊಡ್ಡ ತೂತು ಇದೆ. ಒಬ್ಬ ತಪ್ಪಿದ ದಿನ ಇನ್ನೊಬ್ಬನಿಗೂ ಬಿಡುಗಡೆ. ಹಾಗೇ ಆಯ್ತು ಕೂಡ. 1420ರ ದಶಕದಲ್ಲಿ ಬಹಮನಿ ಅಹ್ಮದ್ ಷಾ ವಿಜಯನಗರದ ಮೇಲೆ ಬಂದು ಹಳ್ಳಿಹಳ್ಳಿಗಳಲ್ಲಿ ಕೊಲೆ ಮಾಡಿಸಿದ. ಅದನ್ನು ಬರೆಯುವಾಗ ಅದೇ ಫೆರಿಷ್ತಾ, ಇದು ಹಿಂದೆ ಮಹಮ್ಮದ್ ಷಾ ಮಾಡಿಕೊಂಡಿದ್ದ ಒಪ್ಪಂದಕ್ಕೆ ವಿರುದ್ಧ ಅಂತ ಗುರುತು ಹಾಕ್ತಾನೆ. ತನ್ನ ಕಡೆಯ ಸುಲ್ತಾನನ ಬಗ್ಗೆಯೇ! ಮಾತು ಮುರೀತು, ನಿಜ. ಆದರೆ ಮುರಿದದ್ದು ಅಂತ ಹೇಳೋಕೆ ಐವತ್ತು ವರ್ಷ ಆದ ಮೇಲೂ ಒಂದು ಅಳತೆಗೋಲು ಉಳಿದಿತ್ತು.

ಈ ತೂತು ಈಗಿನ ಕಾನೂನು ಮಾಡಿದವರಿಗೂ ಗೊತ್ತಿತ್ತು. 1949ರ ಜಿನೀವಾ ಒಪ್ಪಂದಗಳಲ್ಲಿ ಎಲ್ಲ ಸಂದರ್ಭಗಳಲ್ಲೂ ಪಾಲಿಸಬೇಕು ಅಂತ ಶುರುವಿನಲ್ಲೇ ಹಾಕಿದರು. 1969ರ ವಿಯೆನ್ನಾ ಒಪ್ಪಂದದಲ್ಲಿ, ಒಂದು ದೇಶ ಕರಾರು ಮುರಿದರೆ ಇನ್ನೊಂದು ದೇಶವೂ ಅದನ್ನು ನಿಲ್ಲಿಸಬಹುದು ಅಂತ ಸಾಮಾನ್ಯ ನಿಯಮ ಮಾಡಿ, ಮನುಷ್ಯರ ರಕ್ಷಣೆಗಾಗಿ ಮಾಡಿದ ಮಾನವೀಯ ಒಪ್ಪಂದಗಳಿಗೆ ಮಾತ್ರ ಅದು ಅನ್ವಯಿಸಲ್ಲ ಅಂತ ಹೊರಗಿಟ್ಟರು. ಅಂದರೆ ಎದುರಿನವನು ತಪ್ಪಿದರೂ ನೀನು ತಪ್ಪೋ ಹಾಗಿಲ್ಲ. ಯಾಕೆ? ಕೊಡೋದು ತಗೊಳ್ಳೋದು ಅನ್ನೋ ಲೆಕ್ಕದಿಂದ ಇದಕ್ಕೆ ಉತ್ತರ ಬರಲ್ಲ. ಬುಕ್ಕನ ರಾಯಭಾರಿಗಳ ಮೊದಲನೇ ವಾದಕ್ಕೇ ವಾಪಸ್ ಹೋಗಬೇಕು, ಡೇರೆಯಲ್ಲಿ ಸೋತ ವಾದಕ್ಕೆ. ಹೊಲದಲ್ಲಿದ್ದವನು ತಪ್ಪು ಮಾಡಿಲ್ಲ, ಅಷ್ಟೇ. ಅವನ ರಾಜ ಮಾತು ಮುರಿದ ಅಂತ ಅವನ ಜೀವ ಅಗ್ಗ ಆಗಲ್ಲ.

ಯುದ್ಧ ಮುಗಿದ ಬೆನ್ನಿಗೇ, 1368ರಲ್ಲಿ, ಬುಕ್ಕನ ಮುಂದೆ ಇನ್ನೊಂದು ತಕರಾರು ಬಂತು. ಈ ಸಲ ಶತ್ರುಗಳಲ್ಲ, ಎರಡೂ ಕಡೆ ಅವನದೇ ಪ್ರಜೆಗಳು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಕಡೆಯ ಜೈನರು, ಭಕ್ತರು ಅಂದರೆ ಶ್ರೀವೈಷ್ಣವರು ತಮಗೆ ಅನ್ಯಾಯ ಮಾಡ್ತಿದ್ದಾರೆ ಅಂತ ರಾಯನಿಗೆ ಬಿನ್ನಹ ಮಾಡಿಕೊಂಡರು. ಜೈನರಿಗೆ ಮೊದಲಿಂದ ಇದ್ದ ಪಂಚಮಹಾವಾದ್ಯ ಮತ್ತು ಕಲಶದ ಮರ್ಯಾದೆಗಳ ಪ್ರಶ್ನೆ. ಮೆರವಣಿಗೆ ವಾದ್ಯಕ್ಕೆ ಇಷ್ಟೊಂದು ಗಲಾಟೆಯಾ ಅಂತ ಅನ್ನಿಸಬಹುದು. ಊರಹಬ್ಬದಲ್ಲಿ ಯಾರ ತಮಟೆ ಮುಂದೆ ಅನ್ನೋದರ ಮೇಲೆ ಇವತ್ತಿಗೂ ಏನೇನಾಗುತ್ತೆ ಅಂತ ಹಳ್ಳಿ ಕಡೆಯವರಿಗೆ ಹೇಳಬೇಕಾಗಿಲ್ಲ. ಬೀದಿಯಲ್ಲಿ ತಲೆ ಎತ್ತಿ ಹೋಗಬಹುದಾ ಇಲ್ಲವಾ ಅನ್ನೋದೇ ಅಲ್ಲಿ ಪ್ರಶ್ನೆ.

ಬಲ ಯಾರ ಕಡೆ ಇತ್ತು ಅನ್ನೋದು ಸ್ಪಷ್ಟ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಜೈನರದ್ದೇ ಪ್ರಭಾವ. ವಿಷ್ಣುವರ್ಧನನ ರಾಣಿ ಶಾಂತಲೆ ಜೈನಳು, ಬೆಳಗೊಳದ ಚಿಕ್ಕಬೆಟ್ಟದಲ್ಲಿ ಅವಳು ಕಟ್ಟಿಸಿದ ಬಸದಿ ಇದೆ. 1368ರ ಹೊತ್ತಿಗೆ ಕಾಲ ತಿರುಗಿತ್ತು. ಶ್ರೀವೈಷ್ಣವರ ಹಿಂದೆ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಅಂತ ದೊಡ್ಡ ದೊಡ್ಡ ಕ್ಷೇತ್ರಗಳು. ರಾಯ ಜೈನನೂ ಅಲ್ಲ, ಶ್ರೀವೈಷ್ಣವನೂ ಅಲ್ಲ. ಅವನ ಮನೆತನದ ದೇವರು ವಿರೂಪಾಕ್ಷ. ಅವನ ಆಶ್ರಯದಲ್ಲೇ ಸಾಯಣರು ವೇದಗಳಿಗೆ ಭಾಷ್ಯ ಬರೀತಾ ಇದ್ದರು. ಜೈನರ ತತ್ತ್ವ ಅವನು ಒಪ್ಪುವಂಥದ್ದೇ ಅಲ್ಲ.

ಶಕ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿಯ ಶಾಸನ ಹೇಳೋ ಪ್ರಕಾರ, ರಾಯ ಎರಡೂ ಕಡೆಯವರನ್ನು ಕರೆಸಿದ. ಶ್ರೀವೈಷ್ಣವರ ಕಡೆ ಯಾರ್ಯಾರು ಇದ್ದರು ಅಂತ ಉದ್ದ ಪಟ್ಟಿಯೇ ಇದೆ. ಆಚಾರ್ಯರಿಂದ ಹಿಡಿದು ದೇವಸ್ಥಾನದ ಕೆಲಸದವರು, ಕೊನೆಗೆ ತಿರುಕುಲ, ಜಾಂಬವಕುಲದವರ ತನಕ, ಅಂದರೆ ಆಗ ಊರ ಹೊರಗೆ ಇಟ್ಟಿದ್ದ ಜನರ ತನಕ. ಹದಿನೆಂಟು ನಾಡಿನ ಎಲ್ಲರೂ ಒಪ್ಪಂದದ ಒಳಗೆ. ಆಚಾರ್ಯರು ಒಪ್ಪಿದರು, ನಮಗೇನು ಗೊತ್ತಿಲ್ಲ ಅಂತ ಆಮೇಲೆ ಯಾರೂ ಹೇಳೋ ಹಾಗಿಲ್ಲ. ರಾಯ ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದ ಇಲ್ಲ ಅಂತ ಹೇಳಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ಜೈನರಿಗೆ ವಾದ್ಯ, ಕಲಶ ಎಲ್ಲ ಮೊದಲಿನ ಹಾಗೆ. ಭಕ್ತರಿಂದ ಜೈನದರ್ಶನಕ್ಕೆ ಹಾನಿ ಆಗಲಿ ಏಳಿಗೆ ಆಗಲಿ, ಅದು ತಮಗೇ ಆದದ್ದು ಅಂತ ವೈಷ್ಣವರು ತಿಳೀಬೇಕು. ರಾಜ್ಯದ ಎಲ್ಲ ಬಸದಿಗಳಲ್ಲೂ ಈ ಶಾಸನ ಹಾಕಿಸೋ ಜವಾಬ್ದಾರಿ ಶ್ರೀವೈಷ್ಣವರದೇ. ಸೂರ್ಯಚಂದ್ರ ಇರೋ ತನಕ ಅವರೇ ಕಾಪಾಡಬೇಕು.

ಭೇದ ಇಲ್ಲ ಅನ್ನೋದನ್ನು ಅಕ್ಷರಶಃ ತಗೊಂಡರೆ ಅದು ಸುಳ್ಳು. ವೈಷ್ಣವರಿಗೆ ನಾರಾಯಣ ಜಗತ್ತನ್ನು ಸೃಷ್ಟಿ ಮಾಡಿದವನು. ಜೈನರಿಗೆ ಸೃಷ್ಟಿಕರ್ತ ಅನ್ನೋನೇ ಇಲ್ಲ. ಇದಕ್ಕಿಂತ ದೊಡ್ಡ ಭೇದ ಇನ್ನೇನು ಬೇಕು? ಕಲ್ಲಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಶಾಸನ ಶುರುವಾಗೋದು ರಾಮಾನುಜರನ್ನು ಹೊಗಳುವ ಒಂದು ಸಂಸ್ಕೃತ ಶ್ಲೋಕದಿಂದ, ಅದರಲ್ಲಿ ಅವರನ್ನು ಪಾಷಂಡಿಗಳ ಸಮುದ್ರವನ್ನು ಸುಡುವ ಬೆಂಕಿಗೆ ಹೋಲಿಸಿದೆ. ಆ ಕಾಲದಲ್ಲಿ ಶ್ರೀವೈಷ್ಣವರ ಬಾಯಲ್ಲಿ ಪಾಷಂಡಿಗಳು ಅಂದ್ರೆ ಜೈನರೂ ಅದರಲ್ಲಿ ಸೇರ್ತಾರೆ. ಜೈನರನ್ನು ಕಾಪಾಡುವ ಕಲ್ಲಿನ ತಲೆ ಮೇಲೇ ಈ ಶ್ಲೋಕ, ಅದೂ ಬಸದಿಯ ಪಕ್ಕ! ಮೊದಲು ಓದಿದಾಗ ಇದೇನು ತಮಾಷೆ ಅನ್ನಿಸಿತ್ತು. ಯೋಚನೆ ಮಾಡಿದರೆ ಇದರಲ್ಲೇ ವಿಷಯ ಇದೆ ಅನ್ಸುತ್ತೆ. ಯಾರೂ ತಮ್ಮ ನಂಬಿಕೆ ಬಿಡಲಿಲ್ಲ. ವೈಷ್ಣವರು ವೈಷ್ಣವರ ಕಾರಣಕ್ಕೆ ಒಪ್ಪಿದರು, ಜೈನರು ಜೈನರ ಕಾರಣಕ್ಕೆ. ರಾಯನಿಗೆ ರಾಜ್ಯ ಶಾಂತವಾಗಿ ಇರಬೇಕಿತ್ತು. ಕಾರಣಗಳು ಬೇರೆ, ಕೊನೆಯ ಸಾಲು ಒಂದೇ.

1947ರಲ್ಲಿ ಯುನೆಸ್ಕೋದವರು ಮಾನವ ಹಕ್ಕುಗಳಿಗೆ ತಾತ್ತ್ವಿಕ ಆಧಾರ ಏನು ಅಂತ ಜಗತ್ತಿನ ಚಿಂತಕರಿಗೆಲ್ಲ ಪತ್ರ ಬರೆದರು. ಗಾಂಧೀಜಿ ಚಿಕ್ಕ ಉತ್ತರ ಕಳಿಸಿದರು. ಹಕ್ಕುಗಳು ಹುಟ್ಟೋದು ಕರ್ತವ್ಯದಿಂದ, ಇದನ್ನು ಓದುಬರಹ ಬಾರದ ತಮ್ಮ ತಾಯಿಯಿಂದ ಕಲಿತೆ ಅನ್ನೋದು ಅದರ ಸಾರ. ಬೇರೆಯವರು ಬೇರೆ ಬೇರೆ ಹೇಳಿದರು, ಕೆಲವರು ದೇವರು ಅಂದರು, ಕೆಲವರು ವಿವೇಕ ಅಂದರು, ಕೆಲವರು ಸಮಾಜ ಅಂದರು. ಫ್ರಾನ್ಸಿನ ಜಾಕ್ ಮಾರಿತ್ಯಾಂ ಇದನ್ನೆಲ್ಲ ನೋಡಿ, ಹಕ್ಕುಗಳ ಪಟ್ಟಿಯ ಮೇಲೆ ನಾವೆಲ್ಲ ಒಪ್ತೀವಿ, ಯಾಕೆ ಅಂತ ಮಾತ್ರ ಕೇಳಬೇಡಿ ಅನ್ನೋ ಅರ್ಥದ ಮಾತು ಹೇಳಿದರು. 1948ರ ಡಿಸೆಂಬರ್ 10ಕ್ಕೆ ಪ್ಯಾರಿಸ್ಸಿನಲ್ಲಿ 48 ದೇಶಗಳು ಘೋಷಣೆಗೆ ಮತ ಹಾಕಿದವು, 8 ದೇಶಗಳು ತಟಸ್ಥ ಉಳಿದವು, ವಿರುದ್ಧ ಒಂದೂ ಇಲ್ಲ. ಬೆಳಗೊಳದ ಕಲ್ಲಿನ ಮುಂದೆ ನಿಂತವರಿಗೆ ಮಾರಿತ್ಯಾಂ ಹೇಳಿದ್ದು ಹೊಸದು ಅನ್ನಿಸಲ್ಲ.

ಒಂದು ವ್ಯತ್ಯಾಸ ಇದೆ, ಅದರಲ್ಲಿ ಬುಕ್ಕನೇ ಮುಂದೆ ಅಂತ ನನ್ನ ಅಭಿಪ್ರಾಯ. ಘೋಷಣೆಯಲ್ಲಿ ಹಕ್ಕುಗಳಿವೆ, ಕಾಯೋರು ಯಾರು, ಅದಕ್ಕೆ ದುಡ್ಡು ಎಲ್ಲಿಂದ ಅಂತ ಇಲ್ಲ. ಶಾಸನದಲ್ಲಿ ಅದೂ ಇದೆ. ತಿರುಮಲೆಯ ತಾತಯ್ಯ ಅನ್ನೋರು ರಾಜ್ಯದ ಜೈನರಿಂದ, ಅವರ ಒಪ್ಪಿಗೆ ಪಡೆದು, ಮನೆಗೆ ವರ್ಷಕ್ಕೆ ಒಂದು ಹಣದ ಹಾಗೆ ಸಂಗ್ರಹ ಮಾಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ವೈಷ್ಣವರು ನೇಮಿಸಬೇಕು. ಮಿಕ್ಕ ದುಡ್ಡಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಇದನ್ನು ಮೀರಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು. ಕಾನೂನು ಭಾಷೆಯಲ್ಲಿ ಹೇಳೋದಾದ್ರೆ ಬಜೆಟ್, ಸಿಬ್ಬಂದಿ, ಶಿಕ್ಷೆ ಎಲ್ಲ ಒಂದೇ ಕಲ್ಲಲ್ಲಿ.

ಪ್ರಶ್ನೆ ಕೇಳೋರು ಕೇಳ್ತಾರೆ, ನಾನೂ ಕೇಳ್ತೀನಿ: ಅನ್ಯಾಯ ಆದದ್ದು ಜೈನರಿಗೆ, ದುಡ್ಡು ಕೊಡೋರೂ ಜೈನರೇನಾ? ಅನ್ಯಾಯ ಮಾಡಿದವರ ಕೈಗೇ ಕಾವಲಾ? ಇದು ಹೆದರಿಸಿ ವಸೂಲಿ ಮಾಡೋ ಮಾಮೂಲಿಗಿಂತ ಹೇಗೆ ಬೇರೆ? ಪೂರ್ತಿ ಸಮಾಧಾನದ ಉತ್ತರ ನನ್ನ ಹತ್ತಿರ ಇಲ್ಲ. ಹಾನಿ ಮಾಡಬಲ್ಲವನ ಹೆಗಲ ಮೇಲೇ ಕಾಪಾಡೋ ಹೊಣೆ ಹೊರಿಸೋದರಲ್ಲಿ ಒಂದು ಜಾಣತನ ಇದೆ, ಈಗಿನ ಹಕ್ಕುಗಳ ಕಾನೂನೂ ಅದನ್ನೇ ಮಾಡುತ್ತೆ. ಪ್ರಜೆಯ ಹಕ್ಕಿಗೆ ಅತಿ ದೊಡ್ಡ ಅಪಾಯ ಸರ್ಕಾರದಿಂದ, ಕಾಪಾಡೋ ಹೊಣೆಯೂ ಸರ್ಕಾರದ್ದೇ, ಖರ್ಚು ನಮ್ಮ ತೆರಿಗೆಯದು. ಇನ್ನೊಂದು ಮಿತಿಯೂ ಇದೆ. ಶಾಸನ ಹಕ್ಕು ಕೊಡೋದು ದರ್ಶನಕ್ಕೆ, ಸಂಘಕ್ಕೆ. ಒಬ್ಬ ಒಂಟಿ ಮನುಷ್ಯ, ಯಾವ ಸಂಘಕ್ಕೂ ಸೇರದವನು, ಈ ಕಲ್ಲಿನಲ್ಲಿ ಎಲ್ಲೂ ಇಲ್ಲ. ಅವನು ಬರೋಕೆ ಇನ್ನೂ ಆರು ಶತಮಾನ ಹತ್ತಿರ ಬೇಕಾಯ್ತು.

ಈ ಕೆಲಸದ ಹಿಂದೆ ಓಡಾಡಿದವನು ಕಲ್ಲೆಹದ ಬುಸುವಿಸೆಟ್ಟಿ ಅನ್ನೋ ಒಬ್ಬ ಜೈನ. ರಾಯನ ಹತ್ತಿರ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಅವನೇ. ಕೊನೆಗೆ ಎರಡೂ ಸಂಘದವರು ಸೇರಿ ಅವನಿಗೆ ಸಂಘನಾಯಕ ಅನ್ನೋ ಪಟ್ಟ ಕಟ್ಟಿದರು. ಕಲ್ಲೆಹ ಅಂದ್ರೆ ಇವತ್ತಿನ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲೂ ಇದೇ ಶಾಸನದ ಇನ್ನೊಂದು ಪ್ರತಿ ಸಿಕ್ಕಿದೆ. ಬೇರೆ ಬೇರೆ ಕಡೆ ಹಾಕಿಸಬೇಕು ಅನ್ನೋ ಮಾತು ಬರೀ ಮಾತಾಗಿ ಉಳೀಲಿಲ್ಲ ಅಂತಾಯ್ತು.

ಬುಕ್ಕನ ಉಳಿದ ವರ್ಷಗಳು ಬೇಗ ಹೇಳಿ ಮುಗಿಸಬಹುದು. ಮಗ ಕುಮಾರ ಕಂಪಣ ಮಧುರೆ ಸುಲ್ತಾನರನ್ನು ಸೋಲಿಸಿದ, ಅವನ ಹೆಂಡತಿ ಗಂಗಾದೇವಿ ಅದರ ಮೇಲೆ ಸಂಸ್ಕೃತದಲ್ಲಿ ಮಧುರಾವಿಜಯಂ ಬರೆದಳು. 1374ರಲ್ಲಿ ಬುಕ್ಕ ಚೀನಾದ ಮಿಂಗ್ ಚಕ್ರವರ್ತಿಗೆ ರಾಯಭಾರ ಕಳಿಸಿದ. 1377ರಲ್ಲಿ ತೀರಿಕೊಂಡ. ಮಗ ಎರಡನೇ ಹರಿಹರ ಪಟ್ಟಕ್ಕೆ ಬಂದ. ಅವನ ಕಾಲದಲ್ಲಿ ಜೈನ ದಂಡನಾಯಕ ಇರುಗಪ್ಪ ರಾಜಧಾನಿಯಲ್ಲೇ ಕುಂಥುನಾಥನಿಗೆ ಬಸದಿ ಕಟ್ಟಿಸಿದ. ಹಂಪಿಗೆ ಟ್ರಿಪ್ ಹೋದವರು ಗಾಣಗಿತ್ತಿ ಗುಡಿ ಅಂತ ನೋಡಿರ್ತೀರಲ್ಲ, ಅದೇ.

ಬುಕ್ಕ ಸತ್ತು 261 ವರ್ಷ ಆದ ಮೇಲೆ, 1638ರಲ್ಲಿ, ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಗಲಾಟೆ ಆಯ್ತು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಅನ್ನೋರು ಲಿಂಗಮುದ್ರೆ ಒತ್ತಿದರು, ವಿಜಯಪ್ಪ ಅನ್ನೋ ಜೈನ ಅದನ್ನು ಅಳಿಸಿಹಾಕಿದ. ಅಷ್ಟು ಹೊತ್ತಿಗೆ ಹಂಪಿ ಹಾಳಾಗಿ ಎಪ್ಪತ್ತು ವರ್ಷ ದಾಟಿತ್ತು, ಕೈ ಹಿಡಿದು ಕೈಯಲ್ಲಿ ಇಡೋಕೆ ಬುಕ್ಕನಂಥ ರಾಯ ಇರಲಿಲ್ಲ. ವೀರಶೈವ ಹಿರಿಯರೂ ಜೈನರೂ ಕೂತು ಮಾತಾಡಿದರು. ಮೊದಲು ವಿಭೂತಿ ವೀಳ್ಯ ಸಲ್ಲಿಸಿ ಆಮೇಲೆ ಜೈನರು ತಮ್ಮ ಪೂಜೆಯನ್ನು ತಮ್ಮ ಪದ್ಧತಿಯಂತೆ ಮಾಡಿಕೊಳ್ಳಬಹುದು, ಅದಕ್ಕೆ ಅಡ್ಡಿ ಮಾಡಿದವರು ಶಿವದ್ರೋಹಿಗಳು ಅಂತ ತೀರ್ಮಾನ ಆಯ್ತು. ಅದನ್ನೂ ಕಲ್ಲಿನಲ್ಲೇ ಬರೆಸಿದರು.